ವೀರಗಲ್ಲಿನ ಕೆಳಗಿನ ಪಟ್ಟಿಕೆ: ಯುದ್ಧ, ಕಲೆ ಮತ್ತು ನಂಬಿಕೆಗಳ ಕುರಿತು ಒಂದು ಮರುಚಿಂತನೆ

ಹಲ್ಮಿಡಿ ಶಾಸನವನ್ನು ಸ್ನಾತಕೋತ್ತರ ತರಗತಿಗಳಲ್ಲಿ ಪಾಠ ಹೇಳುವ ಕ್ರಮ ಹೆಚ್ಚುಕಡಿಮೆ ಎಲ್ಲ ವಿಶ್ವವಿದ್ಯಾಲಯಗಳಲ್ಲಿಯೂ ಒಂದೇ ಬಗೆಯದು. ಅದರ ಕಾಲ ಸುಮಾರು ಕ್ರಿ.ಶ. 450, ಬೇಲೂರು ತಾಲ್ಲೂಕಿನ ಆ ಊರಿನ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ, ಅದರಲ್ಲಿ ಸಂಸ್ಕೃತ ಪದಗಳೆಷ್ಟು, ಅಚ್ಚಗನ್ನಡ ಪದಗಳೆಷ್ಟು, ವಿಭಕ್ತಿ ಪ್ರತ್ಯಯಗಳ ಸ್ವರೂಪವೇನು. ಬಹುಕಾಲ ಕನ್ನಡದ ಮೊದಲ ಶಾಸನವೆಂದು ಎಣಿಸಲಾದ ಈ ಬರೆಹ ಯಾವ ಸಂದರ್ಭದಲ್ಲಿ ಹುಟ್ಟಿತು ಎಂಬ ಪ್ರಶ್ನೆ ಮಾತ್ರ ಪಾಠದ ಕೊನೆಯ ಐದು ನಿಮಿಷಕ್ಕೆ ಉಳಿಯುತ್ತದೆ. ಆ ಶಾಸನ ಒಂದು ಯುದ್ಧದ ಲೆಕ್ಕಪತ್ರ. ಕೇಕಯ ಮತ್ತು ಪಲ್ಲವರೊಡನೆ ನಡೆದ ಕಾಳಗದಲ್ಲಿ ಇರಿದು ಗೆದ್ದ ವಿಜ ಅರಸನೆಂಬವನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟ ಸಂಗತಿ ಅದರಲ್ಲಿದೆ. ಬಾಳ್ಗಳ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು, ತೊಳೆಯುವುದು. ನೆತ್ತರು ಹತ್ತಿದ ಕತ್ತಿಯನ್ನು ತೊಳೆದು ಭೂಮಿಯನ್ನು ಕೊಡುವ ಆಚರಣೆಯ ಹೆಸರು, ಕನ್ನಡ ಭಾಷೆಯ ಅತ್ಯಂತ ಹಳೆಯ ದಾಖಲೆಗಳಲ್ಲೊಂದರ ಮುಖ್ಯ ಪಾರಿಭಾಷಿಕವಾಗಿದೆ. ಭಾಷೆಯ ಚರಿತ್ರೆಯನ್ನು ಬರೆಯುವವರು ಯುದ್ಧದ ಚರಿತ್ರೆಯನ್ನು ಬದಿಗಿಟ್ಟು ಮುಂದುವರಿಯಲಾರರು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಯುದ್ಧವು ಕಲೆ, ನಂಬಿಕೆ ಮತ್ತು ಜನಜೀವನಗಳನ್ನು ಹೇಗೆ ರೂಪಿಸಿತು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ದೊರೆಯುವ ಅತ್ಯಂತ ವಿಪುಲವಾದ ಆಕರ ವೀರಗಲ್ಲು. ಈ ಆಕರವನ್ನು ಕುರಿತು ಕನ್ನಡದಲ್ಲಿ ಗಂಭೀರವಾದ ಕೆಲಸ ನಡೆದಿಲ್ಲವೆಂದು ಹೇಳುವಂತಿಲ್ಲ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ವೀರ, ವೇಳೆವಾಳಿ, ಗರುಡ ಮೊದಲಾದ ಪರಿಕಲ್ಪನೆಗಳಿಗೆ ಶಾಸನಗಳ ಆಧಾರದಿಂದ ಖಚಿತವಾದ ಅರ್ಥ ಕೊಟ್ಟಿತು. ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' ಹಾಗೂ ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳನ್ನು ಕುರಿತ ಇಂಗ್ಲಿಷ್ ಗ್ರಂಥ, ಎರಡೂ 1982ರಲ್ಲಿ ಪ್ರಕಟವಾದವು. ಇವುಗಳ ಋಣವನ್ನು ನೆನೆಯದೆ ಯಾವ ಸಂಶೋಧಕನೂ ಈ ಕ್ಷೇತ್ರದಲ್ಲಿ ಒಂದು ಹೆಜ್ಜೆ ಇಡಲಾರ. ಆದರೆ ಈ ಕೃತಿಗಳು ತೆರೆದ ದಾರಿಯನ್ನು ಅನಂತರದ ಕನ್ನಡ ಅಧ್ಯಯನ ಎಷ್ಟರಮಟ್ಟಿಗೆ ಹಿಡಿಯಿತು ಎಂಬುದು ಬೇರೆಯೇ ಪ್ರಶ್ನೆ. ತರಗತಿಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ವಿಚಾರಸಂಕಿರಣದ ಪ್ರಬಂಧಗಳಲ್ಲಿ ವೀರಗಲ್ಲು ಇಂದಿಗೂ 'ಕವಿಯೂ ಕಲಿಯೂ' ಎಂಬ ಸಿದ್ಧಸೂತ್ರದ ಅಲಂಕಾರವಾಗಿ ಬರುತ್ತದೆ. ಹತ್ತನೆಯ ಶತಮಾನ ವೀರಯುಗ, ಪಂಪ ರನ್ನರು ಅದರ ಕವಿಗಳು, ವೀರಗಲ್ಲುಗಳು ಅದರ ಸಾಕ್ಷಿಗಳು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಸತ್ತವನು ಯಾರು, ಯಾವುದಕ್ಕಾಗಿ ಸತ್ತ, ಅವನ ಸಾವಿನಿಂದ ಯಾರಿಗೆ ಏನು ದೊರೆಯಿತು ಎಂಬ ಪ್ರಶ್ನೆಗಳನ್ನು ವೀರರಸದ ಪ್ರಶಂಸೆ ನುಂಗಿಹಾಕುತ್ತದೆ.

ವೀರಗಲ್ಲಿನ ರಚನಾವಿನ್ಯಾಸವೇ ಈ ಪ್ರಶ್ನೆಗಳಿಗೆ ಪ್ರವೇಶವನ್ನು ಒದಗಿಸುತ್ತದೆ. ಸಾಮಾನ್ಯವಾಗಿ ಕಾಣುವುದು ಮೂರು ಪಟ್ಟಿಕೆಗಳ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ದೃಶ್ಯ. ಮೇಲಿನದರಲ್ಲಿ ಶಿವಲಿಂಗ, ಪೂಜಾರಿ, ನಂದಿ, ಅವುಗಳ ಸನ್ನಿಧಿಯಲ್ಲಿ ಕುಳಿತ ವೀರ. ಸತ್ತವನು ಜೈನನಾದರೆ ಲಿಂಗವಿದ್ದ ಎಡೆಯಲ್ಲಿ ಜಿನಬಿಂಬ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಹೀಗಿದ್ದೂ ವಿವರಣೆಗಳು ಬಹುಮಟ್ಟಿಗೆ ಮೇಲಿನ ಪಟ್ಟಿಕೆಯಲ್ಲಿ ನಿಂತುಬಿಡುತ್ತವೆ. ವೀರಸ್ವರ್ಗವೇ ಕಲ್ಲಿನ ತಾತ್ಪರ್ಯವೆಂಬಂತೆ ನೋಡಲಾಗುತ್ತದೆ. ವಾಸ್ತವವಾಗಿ ಮೇಲಿನ ಎರಡು ಪಟ್ಟಿಕೆಗಳು ಕಲ್ಲಿನಿಂದ ಕಲ್ಲಿಗೆ ಅಷ್ಟಾಗಿ ಬದಲಾಗುವುದಿಲ್ಲ. ಶಿಲ್ಪಿಗೆ ಅವು ರೂಢಿಯ ಕೆಲಸ. ಬದಲಾಗುವುದು ಕೆಳಗಿನ ಪಟ್ಟಿಕೆ. ಅಲ್ಲಿ ಒಮ್ಮೆ ಕುದುರೆ, ಒಮ್ಮೆ ಆನೆ. ಒಮ್ಮೆ ಬಿಲ್ಲುಗಾರರ ಸಾಲು. ಮತ್ತೊಮ್ಮೆ ಬರಿಯ ಒಬ್ಬನೇ ಕಠಾರಿ ಹಿಡಿದವನು, ಅವನ ಬೆನ್ನಿಗೆ ಒಂದರ ಮೇಲೊಂದರಂತೆ ಒತ್ತೊತ್ತಾಗಿ ಕೆತ್ತಿದ ದನಗಳ ತಲೆಗಳು. ಬಳಪದ ಕಲ್ಲು ಸಿಗುವ ಪ್ರದೇಶದಲ್ಲಿ ಒಡವೆ ವಸ್ತ್ರಗಳ ಮಡಿಕೆಯವರೆಗೆ ಕೆತ್ತನೆ ಇಳಿದಿದ್ದರೆ, ಗಟ್ಟಿ ಕಣಶಿಲೆಯ ಸೀಮೆಯಲ್ಲಿ ಆಕೃತಿಗಳು ಒರಟಾಗಿ, ಮೇಲುಮೇಲಕ್ಕೆ ಉಳಿದಿವೆ. ಎಲ್ಲ ಕಡೆಯೂ ಸತ್ತವನ ಆಕೃತಿ ಉಳಿದವರಿಗಿಂತ ದೊಡ್ಡದು. ಕೊಂದವನ ಮುಖ ಎಲ್ಲಿಯೂ ಮುಖ್ಯವಲ್ಲ. ಸ್ವರ್ಗ ಶಿಲ್ಪಿಯ ಕೈಗೆ ಒಂದು ಅಚ್ಚಿನಂತೆ ಒದಗಿದರೆ, ಸಾವು ಪ್ರತಿಸಲವೂ ಬೇರೆಬೇರೆಯಾಗಿಯೇ ಬರುತ್ತಿತ್ತು. ಯುದ್ಧ ಕಲೆಯ ಮೇಲೆ ಬೀರಿದ ಪ್ರಭಾವವನ್ನು ಹುಡುಕುವವರು ಮೊದಲು ನೋಡಬೇಕಾದ ಜಾಗ ಈ ಕೆಳಗಿನ ಪಟ್ಟಿಕೆ.

ಅಲ್ಲಿ ಕಾಣುವ ಯುದ್ಧ ಯಾವುದು? ರಾಜಕೀಯ ಚರಿತ್ರೆಯ ಪುಸ್ತಕಗಳಲ್ಲಿ ಹೆಸರು ಪಡೆದ ಮಹಾಯುದ್ಧಗಳು ಈ ಕಲ್ಲುಗಳಲ್ಲಿ ಇಲ್ಲದಿಲ್ಲ. ಆದರೆ ಶಾಸನಗಳು ಮತ್ತೆ ಮತ್ತೆ ಬಳಸುವ ಮಾತುಗಳು ಬೇರೆ: ತುರುಗೊಳ್, ಪೆಣ್ಬುಯ್ಯಲ್, ಊರಳಿವು, ಗಡಿಕಾಳಗ. ಹಸುಗಳನ್ನು ಅಟ್ಟಿಕೊಂಡು ಹೋದಾಗ ಹಿಂದಟ್ಟಿ ಸತ್ತವರು, ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಹುಯ್ಯಲು ಕೇಳಿ ಹೋಗಿ ಸತ್ತವರು, ಊರಿಗೆ ಬೆಂಕಿ ಬಿದ್ದಾಗ ಸತ್ತವರು, ಎರಡು ಊರುಗಳ ಎಲ್ಲೆಯ ಜಗಳದಲ್ಲಿ ಸತ್ತವರು. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಊರೂರಿಗೂ ವೀರಗಲ್ಲುಗಳು ದೊರೆಯುತ್ತವೆ. ಬನವಾಸಿ ನಾಡಿನ ಆ ಭಾಗ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಕಲಚುರಿ, ಹೊಯ್ಸಳ, ಸೇವುಣರ ನಡುವೆ ಕೈಬದಲಾಯಿಸುತ್ತಿದ್ದ ನೆಲ. ರಾಜಧಾನಿಗಳು ದೂರದಲ್ಲಿ ಸುರಕ್ಷಿತವಾಗಿದ್ದವು. ಗಡಿಯ ಊರುಗಳ ದನಕರುಗಳು ಮಾತ್ರ ಪ್ರತಿ ದಂಡಯಾತ್ರೆಯಲ್ಲಿಯೂ ಹೋಗುತ್ತಿದ್ದವು. ಕಾವ್ಯದಲ್ಲಿ ತುರುಗೊಳ್ ಎಂದರೆ ವಿರಾಟನ ಗೋವುಗಳನ್ನು ಕೌರವರು ಹಿಡಿದ ಪ್ರಸಂಗ. ಅದನ್ನು ಓದುವಾಗ ಗೋಗ್ರಹಣವನ್ನು ಯುದ್ಧಕ್ಕೆ ನೆಪವೆಂದು ಭಾವಿಸುವುದು ವಾಡಿಕೆ. ಒಕ್ಕಲಿನ ಮನೆಗೆ ಅದು ನೆಪವಾಗಿರಲಿಲ್ಲ. ಎತ್ತು ಹೋದರೆ ಉಳುಮೆ ಹೋಯಿತು, ಹಸು ಹೋದರೆ ಹಾಲು ಮತ್ತು ಗೊಬ್ಬರ ಹೋಯಿತು. ಮಳೆಯಾಧಾರದ ನಾಡಿನಲ್ಲಿ ಒಂದು ಮಂದೆಯ ನಷ್ಟವೆಂದರೆ ಮುಂದಿನ ವರ್ಷದ ಬೆಳೆಯ ನಷ್ಟವೂ ಹೌದು. ಹಾಗಾಗಿ ದನದ ಹಿಂದೆ ಓಡಿದವನನ್ನು ಸ್ವಾಮಿಭಕ್ತಿಯ ಮಾದರಿಯಾಗಿ ಮಾತ್ರ ವಿವರಿಸುವುದು ತಪ್ಪಾದೀತು. ಅವನು ತನ್ನ ಹಿತ್ತಲಿನ ಬದುಕಿನ ಹಿಂದೆ ಓಡಿದವನು.

ಆದರೆ ಸಾವಿಗೊಂದು ಬೆಲೆಯೂ ಇತ್ತು. ಆ ಬೆಲೆಯನ್ನು ಶಾಸನಗಳು ಮುಚ್ಚಿಡುವುದಿಲ್ಲ. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ ಎಂಬ ಮಾತುಗಳು ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಅಥವಾ ಸಾವಿಗೆ ಪ್ರತಿಯಾಗಿ ಕೊಟ್ಟ ಭೂಮಿಯನ್ನು ಹೇಳುತ್ತವೆ. ಬೇಗೂರಿನ ಪ್ರಸಿದ್ಧ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಗಂಗ ದೊರೆ ಎರೆಯಪ್ಪ, ವೀರಮಹೇಂದ್ರನ ಮೇಲೆ ಹೋರುತ್ತಿದ್ದ ಅಯ್ಯಪದೇವನಿಗೆ ನೆರವಾಗಲೆಂದು ನಾಗತ್ತರನನ್ನು ಕಳುಹಿಸುತ್ತಾನೆ. ತುಂಬೆಪಾಡಿಯ ಕಾಳಗದಲ್ಲಿ ಆನೆಗಳ ಮುಂದೆ ನಾಗತ್ತರ ಸಾಯುತ್ತಾನೆ. ಸುದ್ದಿ ತಿಳಿದ ದೊರೆ ಇರುಗನೆಂಬವನಿಗೆ 'ನಾಗತ್ತರ' ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಡುತ್ತಾನೆ. ಇಲ್ಲಿ ಗಮನಿಸಬೇಕಾದುದು ಪಟ್ಟದ ಹಸ್ತಾಂತರ. ವ್ಯಕ್ತಿ ಸತ್ತ; ಅವನ ಹೆಸರು ಒಂದು ಹುದ್ದೆಯಾಗಿ ಮುಂದಿನವನಿಗೆ ಹೋಯಿತು. ಖಾಲಿಯಾದ ಜಾಗವನ್ನು ತುಂಬುವ ವ್ಯವಸ್ಥೆ ಸಿದ್ಧವಾಗಿಯೇ ಇತ್ತು. ಅದೇ ಬೇಗೂರಿನ ಇನ್ನೊಂದು ಸಣ್ಣ ಶಾಸನ, ಸುಮಾರು ಕ್ರಿ.ಶ. 890ರದು, ನಾಗತ್ತರನ ಮನೆಗೆ ಸೇರಿದ ಬುಟ್ಟನಸೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತ ಸಂಗತಿಯನ್ನು ಹೇಳುತ್ತದೆ. ಬೆಂಗಳೂರು ಎಂಬ ಊರಹೆಸರಿನ ಪ್ರಾಚೀನತೆಯನ್ನು ಸ್ಥಾಪಿಸಲು ಈ ಶಾಸನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಬುಟ್ಟನಸೆಟ್ಟಿಯ ಸಾವು ಅಲ್ಲಿ ಊರಹೆಸರಿಗೆ ಅಡಿಟಿಪ್ಪಣಿ.

ಆತಕೂರಿನ ಕಲ್ಲು ಇನ್ನೂ ವಿಚಿತ್ರವಾದುದು. ಕ್ರಿ.ಶ. 949-50ರ ಈ ಶಾಸನ ತಕ್ಕೋಲದ ಯುದ್ಧವನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ನಡೆದ ಆ ಕಾಳಗದಲ್ಲಿ ಗಂಗ ಬೂತುಗ ರಾಜಾದಿತ್ಯನನ್ನು ಕೊಂದುದಕ್ಕಾಗಿ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಪಡೆಯುತ್ತಾನೆ. ಬೂತುಗನ ಆಳು ಮಣಲೇರ. ತನ್ನೆದುರು ನಿಂತು ಕಾದಿದ ಮಣಲೇರನಿಗೆ ಮೆಚ್ಚಿ 'ಬೇಡಿಕೊ' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಯಿತು. ನಾಯಿಯೂ ಹಂದಿಯೂ ಪರಸ್ಪರ ಕಚ್ಚಿ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಂತುದು ಆ ನಾಯಿಗಾಗಿ. ಕಲ್ಲಿನ ಮೇಲೆ ಕೆತ್ತಿರುವುದೂ ನಾಯಿ ಹಂದಿಗಳ ಕಾಳಗವನ್ನೇ. ಕಲ್ಲಿಗೆ ಭೂಮಿಯನ್ನು ಬಿಟ್ಟು, ಅದನ್ನು ಉಣ್ಣುವ ಗೊರವನು ಈ ಕಲ್ಲನ್ನು ಪೂಜಿಸದೆ ಊಟಮಾಡಿದರೆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುತ್ತಾನೆ ಎಂಬ ಕಟ್ಟಳೆಯನ್ನೂ ವಿಧಿಸಲಾಯಿತು. ದಕ್ಷಿಣ ಭಾರತದ ರಾಜಕೀಯವನ್ನು ತಿರುಗಿಸಿದ ಯುದ್ಧವೊಂದರ ಅತ್ಯಂತ ಮುಖ್ಯವಾದ ಕನ್ನಡ ದಾಖಲೆ ಹೀಗೆ ಒಂದು ನಾಯಿಯ ಸ್ಮಾರಕದ ಮೇಲೆ ಉಳಿದುಬಂದಿದೆ. ತಕ್ಕೋಲದಲ್ಲಿ ಸತ್ತ ಸಾವಿರಾರು ಕಾಲಾಳುಗಳಲ್ಲಿ ಒಬ್ಬನ ಹೆಸರೂ ಈ ಕಲ್ಲಿನಲ್ಲಿ ಇಲ್ಲ. ಮೆಚ್ಚುಗೆ ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಭಟನಿಗೆ, ಭಟನಿಂದ ಅವನ ನಾಯಿಗೆ ಇಳಿಯುತ್ತದೆ. ಆ ಸಾಲಿನ ಹೊರಗಿದ್ದವರಿಗೆ ನೆನಪಿನ ಕಲ್ಲು ಇರಲಿಲ್ಲ. ಈ ಶಾಸನವನ್ನು ಪ್ರಾಣಿಪ್ರೀತಿಯ ನಿದರ್ಶನವಾಗಿ ಕೊಂಡಾಡುವ ಲೇಖನಗಳು ಆಗಾಗ ಬರುತ್ತವೆ. ಕೊಂಡಾಡಬಾರದೆಂದಲ್ಲ, ಆದರೆ ಆ ಪ್ರೀತಿ ಎಂತಹ ಲೆಕ್ಕದೊಳಗೆ ನಿಂತಿದೆ ಎಂಬುದನ್ನೂ ಹೇಳಬೇಕು.

ಯುದ್ಧ ನಂಬಿಕೆಯನ್ನು ರೂಪಿಸಿದ ಬಗೆಯೂ ಈ ಲೆಕ್ಕಕ್ಕೆ ಹೊರತಾದುದಲ್ಲ. ಗೆದ್ದರೆ ಸಿರಿ, ಸತ್ತರೆ ದೇವಾಂಗನೆಯರು, ಕ್ಷಣದಲ್ಲಿ ಅಳಿಯುವ ಈ ದೇಹಕ್ಕೆ ರಣದಲ್ಲಿ ಮರಣದ ಚಿಂತೆಯೇಕೆ ಎಂಬ ಆಶಯದ ಸಂಸ್ಕೃತ ಶ್ಲೋಕ ಅಸಂಖ್ಯ ವೀರಗಲ್ಲುಗಳ ಮೇಲೆ ಮರುಕಳಿಸುತ್ತದೆ. ಸ್ವರ್ಗವನ್ನು ಇಲ್ಲಿ ಸಂಬಳದ ಭಾಷೆಯಲ್ಲಿ ಕಲ್ಪಿಸಲಾಗಿದೆ. ನೆಲದ ಮೇಲೆ ಒಡೆಯ ಕೊಡುವುದನ್ನು ಮೇಲೆ ದೇವರು ಕೊಡುತ್ತಾನೆ. 'ಜೋಳದ ಪಾಳಿ' ಎಂಬ ಮಾತನ್ನು ನೆನೆದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಉಂಡ ಜೋಳದ ಋಣವನ್ನು ಪ್ರಾಣದಿಂದ ತೀರಿಸುವುದು ಅದರ ಅರ್ಥ. ಪಂಪನ ಕರ್ಣನನ್ನು ದುರ್ಯೋಧನನ ಪಕ್ಷದಲ್ಲಿ ಕೊನೆಯವರೆಗೂ ನಿಲ್ಲಿಸುವುದು ಈ ಋಣ. ಕಾವ್ಯದಲ್ಲಿ ಅದು ಕರ್ಣನ ಔನ್ನತ್ಯವಾಗುತ್ತದೆ. ವಿಮರ್ಶೆ ಅದನ್ನು ಬಹುವಾಗಿ ಮೆಚ್ಚಿಕೊಂಡಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಮಗ್ಗುಲಲ್ಲಿರುವ ಗರುಡಗಂಬದ ಮುಂದೆ ನಿಂತವರಿಗೆ ಇದೇ ಮೌಲ್ಯದ ಇನ್ನೊಂದು ಮುಖ ಕಾಣುತ್ತದೆ. ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ, ಒಡೆಯನ ಸಾವಿನೊಡನೆ 1220ರ ಸುಮಾರಿಗೆ, ಹೆಂಡತಿ ಸುಗ್ಗಲದೇವಿ ಹಾಗೂ ತನ್ನ ಗರುಡರೊಂದಿಗೆ ಪ್ರಾಣ ಬಿಟ್ಟ. ಕಂಬದ ಸುತ್ತಲೂ ತಮ್ಮ ಕೈಕಾಲುಗಳನ್ನು, ಕೊರಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಗಂಡಸರ ಶಿಲ್ಪಗಳಿವೆ. ಅಲ್ಲಿ ಶತ್ರುವಿಲ್ಲ, ಯುದ್ಧವೂ ಇಲ್ಲ. ಯುದ್ಧ ಬೆಳೆಸಿದ ನಂಬಿಕೆ ಯುದ್ಧವಿಲ್ಲದ ಎಡೆಯಲ್ಲಿಯೂ ಬಲಿ ಕೇಳಿತು. ಅದೇ ಆವರಣದಲ್ಲಿ ಭಿತ್ತಿಶಿಲ್ಪಗಳ ಸೊಬಗನ್ನು ನೋಡಿ ಹೊರಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಈ ಕಂಬವನ್ನು ಗಮನಿಸುವುದಿಲ್ಲ. ಪ್ರವಾಸಿಗರ ಮಾತು ಹಾಗಿರಲಿ, ಹೊಯ್ಸಳ ಯುಗದ ಸಾಹಿತ್ಯವನ್ನು ಪಾಠ ಹೇಳುವಾಗಲೂ ಅದು ಪ್ರಸ್ತಾಪಕ್ಕೆ ಬರುವುದು ಅಪರೂಪ.

ಒಡೆಯ ಮತ್ತು ಆಳಿನ ಈ ಸಂಬಂಧದ ಪರಿಭಾಷೆ ಹನ್ನೆರಡನೆಯ ಶತಮಾನದ ಶರಣರಲ್ಲಿ ಪಡೆದ ರೂಪಾಂತರ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು. ಲೆಂಕ, ಭೃತ್ಯ, ಆಳು, ಒಡೆಯ ಎಂಬ ಪದಗಳು ರಣರಂಗದಿಂದ ಭಕ್ತಿಯ ಕ್ಷೇತ್ರಕ್ಕೆ ಬಂದವು. ಭೃತ್ಯಾಚಾರ ಪಂಚಾಚಾರಗಳಲ್ಲಿ ಒಂದಾಯಿತು. ಏಕಾಂತದ ರಾಮಯ್ಯ ತಲೆಯನ್ನು ಅರಿದು ಶಿವನಿಗೊಪ್ಪಿಸಿ ಮರಳಿ ಪಡೆದ ಕಥೆಯನ್ನು ಅಬ್ಬಲೂರಿನ ಶಾಸನ ಹೇಳುತ್ತದೆ. ಆ ಕಥೆಗೆ ಸಿಡಿತಲೆಗೊಡುವ ವೀರಾಚರಣೆಯ ಹಿನ್ನೆಲೆ ಇದೆ ಎಂಬುದು ಸ್ಪಷ್ಟ. ಆದರೆ ಒಂದು ವ್ಯತ್ಯಾಸವಿದೆ: ತಲೆ ಇಲ್ಲಿ ದೊರೆಗಾಗಿ ಹೋಗುವುದಿಲ್ಲ, ಹೋದ ತಲೆ ಮರಳಿ ಬರುತ್ತದೆ. ವಚನಕಾರರಲ್ಲಿ ತುರುಗಾಹಿ ರಾಮಣ್ಣನೆಂಬವನಿದ್ದಾನೆ. ಹೆಸರೇ ಹೇಳುವಂತೆ ದನ ಕಾಯುವವನು. ಶತಮಾನಗಳ ಕಾಲ ತುರುಗಳನ್ನು ಕಾಯುತ್ತ ಸತ್ತು ಕಲ್ಲಾದ ವರ್ಗವೊಂದರಿಂದ ಬಂದವನು ಬಾಯ್ದೆರೆದು ಮಾತಾಡಿದ ಕ್ಷಣ ಅದು. ವೀರಗಲ್ಲು ಮತ್ತು ವಚನ ಎರಡೂ ಬೇರೆ ಬೇರೆ ಪತ್ರಿಕೆಗಳ ಪಠ್ಯವಾದುದರಿಂದ ಈ ಸಂಬಂಧವನ್ನು ಕೇಳುವವರಿಲ್ಲವಾಗಿದೆ.

ಜೈನ ಪರಂಪರೆಯಲ್ಲಿ ಪ್ರಶ್ನೆ ಇನ್ನೂ ತೊಡಕಿನದು. ಅಹಿಂಸೆಯನ್ನು ಪರಮಧರ್ಮವೆಂದು ಹೇಳಿದ ಧರ್ಮದ ಅನುಯಾಯಿಗಳು ಗಂಗರ ಕಾಲದಲ್ಲಿ ದೊಡ್ಡ ದೊಡ್ಡ ಯುದ್ಧಗಳ ನಾಯಕರಾಗಿದ್ದರು. ಗಂಗ ಮಾರಸಿಂಹ ಅನೇಕ ಕಾಳಗಗಳನ್ನು ಗೆದ್ದು ಕೊನೆಗೆ ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದ. ಅವನ ಕಾಲದಿಂದ ಬಂದ ಚಾವುಂಡರಾಯನ ಬಿರುದುಗಳು ಸಮರಧುರಂಧರ, ರಣರಂಗಸಿಂಗ, ಸಮರಪರಶುರಾಮ. ಅವನು ಸುಮಾರು 981ರಲ್ಲಿ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ್ದು ಗೆದ್ದ ಗಳಿಗೆಯಲ್ಲಿಯೇ ಗೆಲುವನ್ನು ಬಿಟ್ಟುಕೊಟ್ಟವನ ವಿಗ್ರಹವನ್ನು. ಐವತ್ತೆಂಟು ಅಡಿಯ ಆ ಮೂರ್ತಿಯ ಮೈಮೇಲೆ ಆಯುಧವಿಲ್ಲ, ಬಟ್ಟೆಯಿಲ್ಲ. ಕಾಲಿಗೆ ತೋಳಿಗೆ ಬಳ್ಳಿ ಹಬ್ಬಿದೆ. ಇದನ್ನು ಸೇನಾನಿಯ ಪಶ್ಚಾತ್ತಾಪವೆಂದು ಹೇಳಿಬಿಡುವುದು ಸುಲಭ, ಆದರೆ ಅಂತಹ ಮಾತಿಗೆ ಆಧಾರವಿಲ್ಲ. ಆಧಾರವಿರುವುದು ಇಷ್ಟಕ್ಕೆ: ನಾಲ್ಕು ದಶಕಗಳ ಹಿಂದೆ, 941ರಲ್ಲಿ, ಪಂಪ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಗಳ ಪ್ರಸಂಗವನ್ನು ಕನ್ನಡದಲ್ಲಿ ನಿಲ್ಲಿಸಿದ್ದ. ಅಲ್ಲಿ ಎರಡು ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಜನಕ್ಷಯವನ್ನು ತಪ್ಪಿಸಲು ಅಣ್ಣತಮ್ಮಂದಿರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸುತ್ತಾರೆ. ದೊರೆಗಳ ಜಗಳವನ್ನು ದೊರೆಗಳೇ ತೀರಿಸಿಕೊಳ್ಳಲಿ ಎಂಬ ಈ ಕಥಾಭಾಗ ಜೈನ ಪುರಾಣದಿಂದ ಬಂದುದೇ ಹೌದು. ಆದರೂ ಅರಿಕೇಸರಿಯ ಆಸ್ಥಾನದಲ್ಲಿದ್ದು, ಕತ್ತಿ ಹಿಡಿದು ಯುದ್ಧವನ್ನು ಕಂಡವನೆಂದು ಹೇಳಲಾಗುವ ಕವಿಯ ಕೈಯಲ್ಲಿ ಅದು ಬಂದಿರುವುದು ಸಾಮಾನ್ಯ ಸಂಗತಿಯಲ್ಲ. ಅದೇ ಕವಿ ಮತ್ತೊಂದು ಕಾವ್ಯದಲ್ಲಿ ತನ್ನ ಒಡೆಯನನ್ನು ಅರ್ಜುನನೊಡನೆ ಸಮೀಕರಿಸಿ ಕುರುಕ್ಷೇತ್ರವನ್ನು ಬರೆದ. ಎರಡನ್ನೂ ಒಟ್ಟಿಗೆ ಓದದೆ ಪಂಪನ ಯುದ್ಧದೃಷ್ಟಿಯನ್ನು ಕುರಿತು ತೀರ್ಪು ಕೊಡುವುದು ಅವಸರವಾದೀತು. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು, ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಇವರ ಕಳೇಬರಗಳ ಮುಂದೆ ಒಬ್ಬೊಬ್ಬರಿಗಾಗಿ ಅಳುವ ಭಾಗವೂ ಇಂತಹದೇ. ವೀರಗಲ್ಲು ತೋರಿಸದ ಮರುದಿನದ ರಣರಂಗ ಅದು.

ಹೆಂಗಸರ ವಿಷಯದಲ್ಲಿ ಕಲ್ಲುಗಳು ಮಾತಾಡುವ ಬಗೆ ಬೇರೆ. ವೀರಗಲ್ಲಿನ ಪಕ್ಕದಲ್ಲಿ ಮಾಸ್ತಿಕಲ್ಲು ಇರುತ್ತದೆ: ಕಂಬದಿಂದ ಚಾಚಿದ ಒಂದು ತೋಳು, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಕೈ, ಒಡೆಯದ ಬಳೆಗಳು. ದೇಹವೆಲ್ಲ ಇಲ್ಲವಾಗಿ ಮುತ್ತೈದೆತನದ ಗುರುತು ಮಾತ್ರ ಉಳಿದ ಶಿಲ್ಪ ಇದು. ವೀರಗಲ್ಲಿನಲ್ಲಿ ಗಂಡಸಿಗೆ ಮುಖವಿದೆ, ಹೆಸರಿದೆ, ಹಲವೊಮ್ಮೆ ತಂದೆಯ ಹೆಸರೂ ಇದೆ. ಮಾಸ್ತಿಗೆ ಅನೇಕ ವೇಳೆ ಕೈಯೊಂದೇ. ಯುದ್ಧದಲ್ಲಿ ಗಂಡ ಸತ್ತ ಮನೆಯಲ್ಲಿ ಬದುಕಿ ಉಳಿದ ಹೆಂಗಸಿನ ಸ್ಮಾರಕ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ನೆತ್ತರುಗೊಡಗೆಯ ಭೂಮಿಯನ್ನು ಉತ್ತು, ಮಕ್ಕಳನ್ನು ಸಾಕಿದವರು ಅವರೇ ಇರಬೇಕು. ಇನ್ನೊಂದು ಎಚ್ಚರವೂ ಇಲ್ಲಿ ಅಗತ್ಯ. ಎಲ್ಲ ಮಾಸ್ತಿಕಲ್ಲುಗಳನ್ನೂ ಯುದ್ಧದ ಖಾತೆಗೆ ಬರೆಯುವಂತಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದ ದೇಕಬ್ಬೆಯ ಗಂಡ ಏಚ ಸತ್ತದ್ದು ರಣದಲ್ಲಲ್ಲ. ಮಲ್ಲಯುದ್ಧದಲ್ಲಿ ಅರಸನ ದಾಯಾದಿಯನ್ನು ಕೊಂದುದಕ್ಕಾಗಿ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಲಾಯಿತು. ತಂದೆತಾಯಿಗಳು ತಡೆದರೂ ಕೇಳದೆ ದೇಕಬ್ಬೆ ಬೆಂಕಿಯನ್ನು ಹೊಕ್ಕಳು. ಈ ಶಾಸನದ ಪದ್ಯಗಳ ಕಾವ್ಯಗುಣವನ್ನು ವಿದ್ವಾಂಸರು ಮೆಚ್ಚಿದ್ದಾರೆ. ಮೆಚ್ಚಲಿ. ತಡೆದ ತಂದೆತಾಯಿಗಳ ಮಾತೂ ಅದೇ ಪದ್ಯಗಳಲ್ಲಿ ಇದೆ ಎಂಬುದನ್ನು ಮರೆಯದಿದ್ದರೆ ಸಾಕು.

ಊರಿನವರು ಈ ಕಲ್ಲುಗಳನ್ನು ಉಳಿಸಿಕೊಂಡ ರೀತಿ ಶಾಸನತಜ್ಞರ ರೀತಿಗಿಂತ ಬೇರೆಯಾದುದು. ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಆಲದ ಬುಡದಲ್ಲಿ ನಿಂತ ಕಲ್ಲಿಗೆ ಎಣ್ಣೆ ಸವರಿ, ಕುಂಕುಮ ಇಟ್ಟು, ಹೊಸ ಕರು ಹುಟ್ಟಿದಾಗ ಗಿಣ್ಣಿನ ಎಡೆ ಇಡುವುದುಂಟು. ಹೆಸರು ಮರೆತುಹೋಗಿ ವೀರ 'ವೀರಗಾರ'ನಾದ, ಮಹಾಸತಿ 'ಮಾಸ್ತಮ್ಮ'ನಾದಳು. ಇತಿಹಾಸಕಾರನಿಗೆ ಇದು ಮರೆವು. ಆದರೆ ದನಕ್ಕಾಗಿ ಸತ್ತವನಿಗೆ ದನದ ಮೊದಲ ಹಾಲು ಸಲ್ಲುತ್ತಿದ್ದರೆ ಅದನ್ನು ಮರೆವೆಂದು ಕರೆಯುವುದು ಹೇಗೆ? ಒಡೆಯನ ಹೆಸರು, ಬಿರುದು, ಶಕವರ್ಷ ಇವೆಲ್ಲ ಕಳಚಿಹೋಗಿ ಊರಿಗೆ ಬೇಕಾದಷ್ಟು ಮಾತ್ರ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ.ಎಲ್. ರೈಸ್ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಕನ್ನಡ ಸಂಶೋಧನೆಗೆ ಮಾಡಿದ ಉಪಕಾರಕ್ಕೆ ಎಣೆಯಿಲ್ಲ. ಆದರೆ ಆ ಸಂಪುಟಗಳು ಒಂದು ಅಭ್ಯಾಸವನ್ನೂ ಬಿಟ್ಟುಹೋದವು: ಅಕ್ಷರವಿರುವ ಕಲ್ಲು ಆಕರ, ಅಕ್ಷರವಿಲ್ಲದ ಕಲ್ಲು ಬರಿಯ ಕಲ್ಲು. ಶಾಸನದ ಪಾಠ ಅಚ್ಚಾಯಿತು. ಅದರ ಮೇಲಿನ ಶಿಲ್ಪ, ಅದು ನಿಂತ ಜಾಗ, ಅದಕ್ಕೆ ಸಲ್ಲುವ ಪೂಜೆ ಅಚ್ಚಾಗಲಿಲ್ಲ. ಅಕ್ಷರವಿಲ್ಲದ ವೀರಗಲ್ಲುಗಳು ಊರೂರಲ್ಲಿ ಇವೆ; ಕನ್ನಡ ವಿಭಾಗಗಳು ಅವನ್ನು ಇತಿಹಾಸ ವಿಭಾಗಕ್ಕೆ ಬಿಟ್ಟಿವೆ, ಇತಿಹಾಸ ವಿಭಾಗಗಳು ಪುರಾತತ್ವ ಇಲಾಖೆಗೆ ಬಿಟ್ಟಿವೆ, ಇಲಾಖೆ ಸಂರಕ್ಷಿತ ಸ್ಮಾರಕಗಳ ಪಟ್ಟಿಯ ಆಚೆಗೆ ನೋಡುವ ಸ್ಥಿತಿಯಲ್ಲಿಲ್ಲ. ಈ ನಡುವೆ ರಸ್ತೆ ಅಗಲವಾಗುತ್ತದೆ, ಕೆರೆಯಂಗಳದಲ್ಲಿ ಬಡಾವಣೆ ಏಳುತ್ತದೆ, ಕಲ್ಲು ಬಟ್ಟೆ ಒಗೆಯುವ ಹಾಸಾಗಿ, ಮೋರಿಗೆ ಮುಚ್ಚಳವಾಗಿ ಹೋಗುತ್ತದೆ.

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ಶ್ರೀಪುರುಷನ ಆಳ್ವಿಕೆಯ, ಎಂಟನೆಯ ಶತಮಾನದ ಕಲ್ಲು ಅದು. ರಟ್ಟವಾಡಿಯವರ, ಅಂದರೆ ರಾಷ್ಟ್ರಕೂಟರ, ದಾಳಿಯನ್ನು ಎದುರಿಸಿ ಸತ್ತ ಕಿತ್ತಯ್ಯನೆಂಬವನ ಹೆಸರು ಅದರಲ್ಲಿದೆ. ಪೆರ್ಬೊಳಲ್ ಎಂಬ ನಾಡಿನ ಹೆಸರೂ ಇದೆ, ಹೆಬ್ಬಾಳದ ಹಳೆಯ ರೂಪ. ಅದನ್ನು ಗುರುತಿಸಿ ಉಳಿಸಿದವರಲ್ಲಿ ಶಾಸನಗಳ ಮೇಲಿನ ಅಭಿಮಾನದಿಂದ ಕೆಲಸ ಮಾಡುತ್ತಿದ್ದ ಸಾಮಾನ್ಯ ನಾಗರಿಕರು ಮುಂದಾಳುಗಳಾಗಿದ್ದರು. ಅನಂತರ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ನಡೆಯಿತು. ವೃತ್ತಿಯಿಂದ ಕನ್ನಡ ಅಧ್ಯಾಪಕರಲ್ಲದವರು ಈ ಕೆಲಸದಲ್ಲಿ ಮುಂದಿರುವುದು ಸಂತೋಷದ ಸಂಗತಿಯೂ ಹೌದು, ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಸ್ವಲ್ಪ ಸಂಕೋಚಪಡಬೇಕಾದ ಸಂಗತಿಯೂ ಹೌದು. ಯಂತ್ರ ಕಲ್ಲಿನ ಮೈಯನ್ನು ಕೂದಲೆಳೆಯಷ್ಟು ನಿಖರವಾಗಿ ಹಿಡಿದಿಡಬಲ್ಲದು. ಆ ಕಲ್ಲಿಗೆ ಯಾವ ಮನೆಯವರು ಎಡೆ ಇಡುತ್ತಾರೆ, ಯಾವ ಕಥೆ ಹೇಳುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಲು ಊರಿಗೆ ಹೋಗಿ ಕುಳಿತುಕೊಳ್ಳುವವರು ಬೇಕು. ಶಾಸನವನ್ನು ಓದಲು ಬಲ್ಲ, ಜಾನಪದವನ್ನು ಸಂಗ್ರಹಿಸಲು ಬಲ್ಲ, ಕಾವ್ಯವನ್ನು ಅದರ ಪಕ್ಕದಲ್ಲಿಟ್ಟು ನೋಡಲು ಬಲ್ಲ ತರಬೇತಿ ಕನ್ನಡ ಎಂ.ಎ. ಪದವೀಧರನಿಗೆ ಮಾತ್ರ ಒಂದೆಡೆ ಸಿಗುತ್ತದೆ. ಶಾಸನಶಾಸ್ತ್ರವನ್ನು ಐಚ್ಛಿಕ ಪತ್ರಿಕೆಯಾಗಿ ಇಳಿಸಿ, ಕ್ಷೇತ್ರಕಾರ್ಯವನ್ನು ಇಪ್ಪತ್ತು ಅಂಕಗಳ ಪ್ರವಾಸವರದಿಯಾಗಿ ಮುಗಿಸುವ ಪಠ್ಯಕ್ರಮ ಆ ತರಬೇತಿಯನ್ನು ತಾನೇ ಕೈಬಿಡುತ್ತದೆ.

ಪ್ರತಿ ಸಂಶೋಧನಾರ್ಥಿ ತನ್ನ ಹುಟ್ಟೂರಿನ ಮತ್ತು ಸುತ್ತಲಿನ ಐದು ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲುಗಳನ್ನು, ಅಕ್ಷರವಿರಲಿ ಇಲ್ಲದಿರಲಿ, ಕೆಳಗಿನ ಪಟ್ಟಿಕೆಯಿಂದ ಆರಂಭಿಸಿ ವಿವರವಾಗಿ ದಾಖಲಿಸುವುದನ್ನು ವಿಭಾಗಗಳು ಕಡ್ಡಾಯ ಮಾಡಿದರೆ ಅದಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ, ಬೆಳಗಿನ ಓರೆಬಿಸಿಲು ಸಾಕು. ಸವೆದ ಕೆತ್ತನೆ ಓರೆಬಿಸಿಲಿನಲ್ಲಿ ಮಾತ್ರ ಕಾಣುತ್ತದೆ ಎಂಬುದು ಕಲ್ಲುಗಳ ಮುಂದೆ ನಿಂತು ಕಾದವರಿಗೆ ಗೊತ್ತು. ಹತ್ತು ಗಂಟೆಯ ಮೇಲೆ ಹೋದವರಿಗೆ ದನಗಳ ಸಾಲು ಕಾಣುವುದಿಲ್ಲ.